ತೋರಿಸುವ ಕಪಾಟು

“ಏ ಬಾಟ್ಲಿ! ಯಾರೇ ಹೇಳಿದ್ದು ನಿಂಗೆ ಇದರೊಳಗೆ ಬಾಟ್ಲಿ ಇಡು ಅಂತ? ನಿಮ್ಮಪ್ಪ ತಂದು ನಿಲ್ಸಿದ್ನಾ ಈ ಕಪಾಟನ್ನ?”

ಬಾಟ್ಲಕ್ಕನ ಎರಡು ಕೈಯಲ್ಲಿ ಎರಡು ಆ್ಯಸಿಡ್ ಬಾಟಲಿಗಳಿದ್ದವು. ಬೈಗುಳ ಬಿದ್ದರೆ ಬೆಚ್ಚಿ ಕೈ ಸಡಿಲಿಸುವುದು ಜನರ ಸ್ವಭಾವ. ಅವಳು ಹಾಗೆ ಮಾಡುವಂತಿರಲಿಲ್ಲ. ಬೈಸಿಕೊಳ್ಳುತ್ತಲೇ ಬಾಟಲಿಯನ್ನು ಗಟ್ಟಿಯಾಗಿ ಹಿಡಿದಿರುವುದು ಆ ಲ್ಯಾಬಿನಲ್ಲಿ ಅವಳು ಕಲಿತ ಮೊದಲ ವಿದ್ಯೆ.

“ಜೋಡ್ಸೋಕೆ ಬಂದೋರು ಹೇಳಿದ್ರು ಸಾರ್, ಇದು ಆಸಿಡ್ ಇಡೋ ಕಪಾಟು ಅಂತ. ಅದಕ್ಕೇ…”

“ಇಡೋಕಂತೆ, ಇಡೋಕೆ! ಮುಂಡೇದೆ, ಒಂದು ತೊಟ್ಟು ಬಿದ್ರೆ ಬಣ್ಣ ಕಿತ್ಕೊಂಡು ಬರತ್ತೆ. ಇದು ಇಡೋಕಲ್ಲ, ತೋರ್ಸೋಕೆ. ತಪಾಸಣೆ ಮುಗಿಯೋ ತನಕ ಇದರೊಳಗೆ ನಿನ್ನ ಬಾಟ್ಲಿ ಕಂಡ್ರೆ, ಬಾಟ್ಲಿ ಜೊತೆ ನಿನ್ನೂ ಎಸೀತೀನಿ ಹೊರಗೆ.”

ಹೀಗೆ ಅಂದವನು ಸ್ಟೋರ್ ಸಾರ್. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಓಡಾಡುವ ಆಸಾಮಿ. ಬರುವುದು ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ಬಾಟ್ಲಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ವರ್ಷಗಟ್ಟಲೆ ಬಾಟಲಿ ತೊಳೆದು ತೊಳೆದು, ಬಾಟಲಿಯ ಮೇಲಿನ ಚೀಟಿಯಂತೆ ಅದೂ ಎಲ್ಲೋ ನೀರಲ್ಲಿ ಹೋಗಿತ್ತು. ಸಾಹೇಬರ ಬಾಯಲ್ಲಿ ಅವಳು ‘ಬಾಟ್ಲಿ’; ಕೆಲಸದವರು ಮರ್ಯಾದೆಗೆ ‘ಅಕ್ಕ’ ಸೇರಿಸಿಕೊಂಡಿದ್ದರು.

ಕಪಾಟೇನೋ ನೋಡುವಂಥದ್ದೇ. ಹಳದಿ ಬಣ್ಣ, ಎರಡು ದಪ್ಪ ಕದ, ಆಳೆತ್ತರ. ನೆತ್ತಿಯಿಂದ ಒಂದು ಕೊಳವೆ ಹೊರಟು ಗೋಡೆ ತೂರಿ ಆಚೆಗೆ ಹೋಗಿತ್ತು. ಗುಂಡಿ ಒತ್ತಿದರೆ ಒಳಗೊಂದು ಫ್ಯಾನು ಸಣ್ಣಗೆ ಗುಂಯ್‌ಗುಟ್ಟುತ್ತ ಒಳಗಿನ ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತಿತ್ತು. ಕೆಳಗಿನ ಸಂದಿಯಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಬೆಂಕಿ ಬಿದ್ದರೂ ಒಳಗಿನದ್ದಕ್ಕೆ ಬಿಸಿ ತಟ್ಟುವುದಿಲ್ಲವಂತೆ. ಅದನ್ನು ನೋಡಿದ ದಿನ ಸಿಲಿಂಡರ್ ಹೊರುವ ಅಜ್ಜ ಬಾಯಿ ಬಿಟ್ಟುಕೊಂಡು ನಿಂತು, “ಥೂ ಇವನವ್ವನ, ಮುಂದಿನ ಜನ್ಮ ಅಂತ ಇದ್ರೆ ಆಸಿಡ್ ಆಗಿ ಹುಟ್ಬೇಕು ಕಣವ್ವ” ಅಂದಿದ್ದ.

“ಹಂಗಾದ್ರೆ ಇವನ್ನೆಲ್ಲ ಎಲ್ಲಿಡೋದು ಸಾರ್?” ಬಾಟ್ಲಕ್ಕ ಕೇಳಿದಳು. ಇಷ್ಟು ದಿನ ಬಾಟಲಿಗಳು ತೊಟ್ಟಿಯ ಕೆಳಗೆ, ಮೇಜಿನ ಮೇಲೆ, ಕಿಟಕಿಯ ಕಟ್ಟೆಯಲ್ಲಿ ಎಲ್ಲೆಂದರಲ್ಲಿ ಕೂತಿದ್ದವು. ಹಾಗೆ ಕೂತಿರುವುದು ತಪಾಸಣೆಯವರ ಕಣ್ಣಿಗೆ ಬೀಳಬಾರದು. ಹೊಸ ಕಪಾಟಿಗೆ ಸೇರಿಸಬಾರದು. ಆಕಾಶದಲ್ಲಿ ತೂಗು ಹಾಕೋಣವೆಂದರೆ ಕೊಕ್ಕೆ ಇಲ್ಲ.

ಈ ಗಂಟನ್ನು ಬಿಡಿಸಿದವರು ದೊಡ್ಡ ಸಾರ್. ಲ್ಯಾಬಿನ ಮುಖ್ಯಸ್ಥರು, ಓದಿದವರು, ತೆಳ್ಳನೆಯ ಬೆರಳುಗಳವರು. ಅವರು ಗೋಡೆಗೆ ತೂಗುಹಾಕಿದ್ದ ಕಟ್ಟಡದ ನಕ್ಷೆಯ ಮುಂದೆ ನಿಂತು ಬೆರಳಾಡಿಸಿದರು. ಲ್ಯಾಬು ಇತ್ತು, ತೂಕದ ಕೋಣೆ ಇತ್ತು, ಅವರ ಛೇಂಬರ್ ಇತ್ತು, ಅದಕ್ಕಂಟಿದ ಬಚ್ಚಲೂ ಇತ್ತು. ಮೆಟ್ಟಿಲ ಕೆಳಗೆ ಮಾತ್ರ ನಕ್ಷೆಯಲ್ಲಿ ಬರೀ ಬಿಳಿ.

“ಇಲ್ಲಿ ಏನಿದೆ?” ಕೇಳಿದರು.

“ಕ್ಲೀನಿಂಗಿನೋರು ಕೂತ್ಕೊಳ್ತಾರೆ ಸಾರ್,” ಅಂದ ಸ್ಟೋರ್ ಸಾರ್.

“ಹಾಗಾದ್ರೆ ಏನೂ ಇಲ್ಲ,” ಅಂದರು ದೊಡ್ಡ ಸಾರ್. “ಅಲ್ಲಿಗೆ ಹಾಕಿಸಿ.”

*

ಮೆಟ್ಟಿಲ ಕೆಳಗಿನ ಆ ಏನೂ ಇಲ್ಲದ ಜಾಗಕ್ಕೆ ಒಂದು ಬಾಗಿಲು, ಅಂಗೈಯಗಲದ ಒಂದು ಕಿಟಕಿ, ತಲೆ ತಗ್ಗಿಸಿ ನಡೆಯಬೇಕಾದ ಇಳಿಜಾರು ಸೂರು ಇದ್ದವು. ಮೊಳೆಗಳಿಗೆ ಬಟ್ಟೆ, ಮೂಲೆಗೆ ಊಟದ ಡಬ್ಬಿ, ನೆಲಕ್ಕೆ ಒಂದು ಚಾಪೆ. ಮೇಲೆ ಯಾರು ಮೆಟ್ಟಿಲು ಹತ್ತಿದರೂ ಕೆಳಗಿದ್ದವರಿಗೆ ಗೊತ್ತಾಗುತ್ತಿತ್ತು: ದೊಡ್ಡ ಸಾರ್ ಆದರೆ ಟಕ್ ಟಕ್, ಸ್ಟೋರ್ ಸಾರ್ ಆದರೆ ಝಲ್ ಝಲ್.

ಆ ಚಾಪೆಯ ಮೇಲೆ ದಿನಾ ಮಧ್ಯಾಹ್ನ ಬಾಟ್ಲಕ್ಕನ ನಾದಿನಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವಳೂ ಅದೇ ಲ್ಯಾಬಿನಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಳು. ಅತ್ತಿಗೆಯೇ ಯಾರ್‍ಯಾರದೋ ಕಾಲು ಹಿಡಿದು ಸೇರಿಸಿದ್ದು. ಗಂಡ ಅನ್ನುವವನು ಬಸುರಿ ಮಾಡಿ ಹೋದವನು ಮರಳಿ ಬಂದಿರಲಿಲ್ಲ. ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಬಾಟಲಿ ಹಾಲನ್ನು ಮುಟ್ಟುತ್ತಿರಲಿಲ್ಲ. “ಬಾಟ್ಲಿ ತೊಳೆಯೋರ ಮನೆ ಕೂಸು ನೋಡು, ಬಾಟ್ಲಿ ಕಂಡ್ರೆ ಮುಖ ತಿರುಗ್ಸತ್ತೆ” ಅಂತ ಅಜ್ಜ ನಗಿಸುತ್ತಿದ್ದ. ಬಾಟ್ಲಕ್ಕನ ಅತ್ತೆ, ಅಂದರೆ ನಾದಿನಿಯ ತಾಯಿ, ಮಗುವನ್ನೆತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ನಡುವೆ ಬಸ್ಸಿಲ್ಲ. ಅಲ್ಲಿಯವರೆಗೆ ಮಗು ಆ ಚಾಪೆಯ ಮೇಲೆ ಮಲಗಿರುತ್ತಿತ್ತು. ಗೇಟಿನ ಹತ್ತಿರ ಮಕ್ಕಳು ಮರಿ ಕಾಣಬಾರದು, ಕಾರಿಡಾರಿನಲ್ಲಿ ಅಳು ಕೇಳಬಾರದು ಅಂತ ದೊಡ್ಡ ಸಾರ್ ಮೊದಲೇ ಅಪ್ಪಣೆ ಮಾಡಿದ್ದರು. ಮೆಟ್ಟಿಲ ಕೆಳಗೆ ಮಾತ್ರ ಯಾರೂ ಬೇಡ ಅಂದಿರಲಿಲ್ಲ. ಆ ಚಾಪೆಯಷ್ಟು ಜಾಗ ಇದ್ದರೆ ನಾದಿನಿಗೆ ಕೆಲಸ. ಇಲ್ಲದಿದ್ದರೆ ಒಂದೋ ಕೆಲಸ, ಒಂದೋ ಕೂಸು.

ಬಾಟಲಿಗಳು ಬಂದವು. ಬುಟ್ಟಿಯಲ್ಲಿ, ಬಕೆಟ್ಟಿನಲ್ಲಿ, ಅಜ್ಜನ ಹೆಗಲ ಮೇಲಿನ ಪೆಟ್ಟಿಗೆಯಲ್ಲಿ. ಕಂದು ಬಣ್ಣದವು, ಕಪ್ಪು ಮುಚ್ಚಳದವು, ಹೊಟ್ಟೆ ಡುಬ್ಬದವು, ತಲೆಬುರುಡೆಯ ಚಿತ್ರ ಅಂಟಿಸಿಕೊಂಡವು. ಮೂರು ಗೋಡೆಗೂ ಒತ್ತಿ ಕೂತವು. ಚಾಪೆ ಅರ್ಧಕ್ಕೆ ಮಡಿಸಿಕೊಂಡಿತು.

ಹಿಂದೆಯೇ ಸ್ಟೋರ್ ಸಾರ್ ಬಂದು ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಒತ್ತಿ, ನೆಂಟರ ಸೇವೆ ಹೇಗೆ ಮಾಡಬೇಕು ಅಂತ ಹೇಳಿಕೊಟ್ಟ.

“ಕಿಟಕಿ ಮುಚ್ಬಾರ್ದು, ಇವಕ್ಕೆ ಗಾಳಿ ಬೇಕು. ಬಿಸಿಲು ಬಿದ್ರೆ ಪರದೆ ಎಳೀಬೇಕು, ಇವಕ್ಕೆ ಬಿಸಿಲು ಆಗಲ್ಲ. ಇವು ಅವು ಒಂದೇ ಕಡೆ ಇರಬಾರ್ದು, ಇವಕ್ಕೆ ಅವಕ್ಕೆ ಆಗಿಬರಲ್ಲ. ಎತ್ತಿ ಕುಕ್ಕಬೇಡಿ, ಅಲ್ಲಾಡಿಸಬೇಡಿ. ಬಹಳ ಸೂಕ್ಷ್ಮ ಇವು.”

“ಪರದೆ ಎಲ್ಲಿದೆ ಸಾರ್?” ನಾದಿನಿ ಕೇಳಿದಳು.

“ನಿಂದೊಂದು ಹಳೇ ಬಟ್ಟೆ ಕಟ್ಟು.”

“ಜಾಗ ಇಷ್ಟೇ ಇರೋದು. ಬೇರೆ ಬೇರೆ ಹೆಂಗೆ ಇಡೋದು?”

“ನೀವು ಸ್ವಲ್ಪ ಮುದುಡ್ಕೊಂಡು ಕೂತ್ರೆ ಆಗತ್ತೆ.”

ಅವನು ಹೋದ ಮೇಲೆ ಅಜ್ಜ ಒಂದು ಡುಬ್ಬ ಬಾಟಲಿಯ ಮುಂದೆ ಕೈಮುಗಿದು ಕೂತ. “ಬನ್ನಿ ಬೀಗರೇ, ಕೂತ್ಕೊಳ್ಳಿ. ಪ್ರಯಾಣ ಸುಖವಾಯ್ತಾ? ಗಾಳಿ ಸಾಕಾ? ಬಿಸಿಲಿಂದ ಬಂದಿದೀರಿ… ನಮ್ಮನ್ನ ಯಾವ ಸೂಳೆಮಗ ಇವತ್ತಿನ ತನಕ ಹಿಂಗೆ ಕೇಳಿದ್ದಾನೆ ಹೇಳಿ.”

ನಾದಿನಿ ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಯಿತು.

*

ತಪಾಸಣೆ ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ತಪಾಸಣೆಯವರಿಗೆ ಬೇರೆ ಕಡೆ ತುರ್ತು ತಪಾಸಣೆ ಬಂದಿತ್ತಂತೆ. ನೆಂಟರು ಮಾತ್ರ ಮೆಟ್ಟಿಲ ಕೆಳಗೆ ಬೇರು ಬಿಟ್ಟರು.

ಮೊದಲು ಊಟದ ರುಚಿ ಹೋಯಿತು. ಡಬ್ಬಿ ತೆರೆದರೆ ಏನೋ ಸಿಹಿ ವಾಸನೆ, ನುಂಗಿದರೆ ಗಂಟಲಲ್ಲಿ ಉರಿ. ಆಮೇಲೆ ತಲೆನೋವು ಸರದಿಯ ಮೇಲೆ ಬರತೊಡಗಿತು: ಇವತ್ತು ನಿನಗೆ, ನಾಳೆ ನನಗೆ. ಮಗು ಹಾಲು ಕುಡಿಯುತ್ತ ಕುಡಿಯುತ್ತ ಬಾಯಿ ಬಿಟ್ಟು ಸೀನುತ್ತಿತ್ತು. ಅತ್ತೆ ಒಂದು ದಿನ ಬಾಗಿಲಲ್ಲೇ ಕೂತು, “ಇದೇನೇ ಇದು, ಕೂಸಿಗೆ ಹಾಲೂಡಿಸೋ ಜಾಗವೋ, ಇಲಿ ಸಾಯಿಸೋ ಜಾಗವೋ” ಅಂದಳು.

ಬಾಟ್ಲಕ್ಕ ನಾದಿನಿಯನ್ನು ಕರೆದುಕೊಂಡು ದೊಡ್ಡ ಸಾರ್ ಹತ್ತಿರ ಹೋದಳು. ಛೇಂಬರಿನ ಒಳಗೆ ಬರಲು ಹೇಳಲಿಲ್ಲ. ಬಾಗಿಲ ಹೊರಗಿನ ಕಾಲೊರಸಿನ ಮೇಲೆ ನಿಂತೇ ಹೇಳಿದರು.

“ವಾಸನೆ ತಡ್ಯೋಕಾಗ್ತಿಲ್ಲ ಸಾರ್. ಕೂಸು ಬೇರೆ ಇದೆ.”

ದೊಡ್ಡ ಸಾರ್ ಕನ್ನಡಕ ತೆಗೆದು ಒರೆಸಿದರು. ಅವರು ಬೈಯುವವರಲ್ಲ. ತಿಳಿಹೇಳುವವರು. ಬೈಗುಳವಾದರೆ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ತಿಳಿಹೇಳಿದ್ದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ.

“ನೋಡಮ್ಮ, ವಿಜ್ಞಾನಕ್ಕೆ ಒಂದು ವಾಸನೆ ಇರತ್ತೆ. ನಾನು ಓದುವಾಗ ದಿನವಿಡೀ ಈ ವಾಸನೆಲೇ ಇರ್ತಿದ್ದೆ. ನಂಗೇನಾದ್ರೂ ಆಗಿದೆಯಾ?”

ಆಗಿದೆ ಎಂದು ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

“ಇಡೀ ಸಂಸ್ಥೆಯ ಮರ್ಯಾದೆ ಪ್ರಶ್ನೆ ಇದು. ‘ಅತ್ಯಂತ ಸುರಕ್ಷಿತ ಪ್ರಯೋಗಾಲಯ’ ಅಂತ ಫಲಕ ಬರೋದಿದೆ. ಬಂದಾಗ ಅದು ನಿಮ್ದೂ ಅಲ್ವಾ? ಸ್ವಲ್ಪ ಹೊಂದ್ಕೊಳ್ಳಿ. ಹ್ಞಾಂ, ಅಂದಹಾಗೆ…” ಅವರು ಮೇಜಿನ ಮೇಲಿನ ಹೊಸ ಚೀಟಿಗಳ ಕಟ್ಟನ್ನು ಬೆರಳ ತುದಿಯಲ್ಲಿ ಮುಂದೆ ತಳ್ಳಿದರು. “ಹೊಸ ಬಾಟ್ಲಿಗಳು ಬಂದಿವೆ. ಚೆನ್ನಾಗಿ ತೊಳೆದು, ನೀರು ತುಂಬಿಸಿ, ಇವನ್ನ ನೇರವಾಗಿ ಅಂಟಿಸಿ ಕಪಾಟಲ್ಲಿ ಜೋಡಿಸಬೇಕು. ಖಾಲಿ ಕಪಾಟು ತೋರಿಸೋಕಾಗಲ್ವಲ್ಲ.”

“ನೀರಾ ಸಾರ್?”

“ನೋಡೋಕೆ ಒಂದೇ ಥರ ಇರತ್ತೆ. ಯಾರು ಕುಡಿದು ನೋಡ್ತಾರೆ?”

ಆ ದಿನ ಅತ್ತಿಗೆ ನಾದಿನಿ ಕೂತು ನಲ್ಲಿ ನೀರಿಗೆ ತಲೆಬುರುಡೆ ಅಂಟಿಸಿದರು. ಬಾಟ್ಲಕ್ಕ ಚೀಟಿಗೆ ಅಂಟು ಹಚ್ಚಿ ಕೊಡುವಳು, ನಾದಿನಿ ಹೆಬ್ಬೆರಳಿನಿಂದ ಒತ್ತುವಳು. ಕಪಾಟಿನ ಮೇಲಿನ ಅಂಕಣಗಳು ತುಂಬಿದವು. ಕೆಳಗಿನ ಅಂಕಣಕ್ಕೆ ದೊಡ್ಡ ಬಾಟಲಿ ಬೇಕಿತ್ತು, ಬಂದಿರಲಿಲ್ಲ. ಅದು ಹಾಗೇ ಬರಿದಾಗಿ ಉಳಿಯಿತು. ಫ್ಯಾನು ಸರಿಯಾಗಿದೆಯಾ ನೋಡಲೆಂದು ಸ್ಟೋರ್ ಸಾರ್ ಗುಂಡಿ ಒತ್ತಿಟ್ಟು ಹೋಗಿದ್ದ. ನೀರಿನ ಹೊಗೆ ಆಕಾಶಕ್ಕೆ ಹೋಗುತ್ತಿತ್ತು.

ಅಜ್ಜ ಬಂದವನು ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, “ನೀರಿಗೆ ಬಂಗ್ಲೆ, ವಿಷಕ್ಕೆ ನಮ್ಮನೆ. ಓದ್ಬೇಕು ಕಣ್ರವ್ವ ಓದ್ಬೇಕು. ಓದದೆ ಇಂಥದ್ದೆಲ್ಲ ಹೊಳೆಯಲ್ಲ” ಅಂದ.

*

ನೆಲ ಒರೆಸುವವರ ಕೈಗೆ ಒಂದು ಚಾಳಿ ಇರುತ್ತದೆ. ಒದ್ದೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಏನದು, ಯಾರು ಚೆಲ್ಲಿದ್ದು, ಕೇಳುವುದಿಲ್ಲ. ಸಾಹೇಬರ ಚಹಾ ಲೋಟದ ಕೆಳಗಿನ ಉಂಗುರವಾಗಲಿ, ಛತ್ರಿಯಿಂದ ಸೋರಿದ ಹನಿಯಾಗಲಿ, ಯಾರಾದರೂ ನೋಡಿ ಬೈಯುವ ಮೊದಲೇ ಒರೆಸಿ ಮುಗಿದಿರುತ್ತದೆ. ನಾದಿನಿಯ ಭುಜದ ಮೇಲೆ ಅದಕ್ಕೆಂದೇ ಸದಾ ಒಂದು ಬಟ್ಟೆ.

ಆ ಮಧ್ಯಾಹ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸುತ್ತಿದ್ದವಳು ಒಂದು ಬಾಟಲಿಯ ಬುಡದಲ್ಲಿ ಒದ್ದೆ ಉಂಗುರ ಕಂಡಳು. ಮುಚ್ಚಳ ಸವೆದು ಸೋರುತ್ತಿತ್ತು. ಕೂತಲ್ಲಿಂದಲೇ ಕೈ ಚಾಚಿ ಬಟ್ಟೆಯ ತುದಿಯಿಂದ ಒರೆಸಿದಳು. ಬಟ್ಟೆ ಭುಜಕ್ಕೆ ಹೋಯಿತು. ಮಗು ಕುಡಿದು ಮುಗಿಸಿ, ತುಟಿಯಂಚಿನಲ್ಲಿ ಹಾಲು ಸೋರಿಸಿಕೊಂಡು ನಕ್ಕಿತು. ಒದ್ದೆ ಕಂಡಿತು. ನಾದಿನಿಯ ಕೈ ತಾನಾಗಿ ಭುಜದ ಬಟ್ಟೆಗೆ ಹೋಯಿತು.

ಮಗುವಿನ ಕಿರುಚು ಕೇಳಿ ಬಾಟ್ಲಕ್ಕ ಓಡಿಬಂದಳು. ಕೆನ್ನೆಯ ಮೇಲೆ ಎರಡು ಬೆರಳಗಲ ಕೆಂಪಾಗಿ ಎದ್ದಿತ್ತು. ನಾದಿನಿ ಮಗುವನ್ನೂ ಬಟ್ಟೆಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಬಾಟ್ಲಕ್ಕ ಮಗುವನ್ನು ಕಸಿದುಕೊಂಡು ಲ್ಯಾಬಿಗೆ ಓಡಿದಳು. ಬಾಗಿಲ ಪಕ್ಕದಲ್ಲೇ ಮೈಮೇಲೆ ಏನಾದರೂ ಬಿದ್ದರೆ ತೊಳೆದುಕೊಳ್ಳಲೆಂದು ಹಾಕಿಸಿದ್ದ ಹೊಸ ನಲ್ಲಿ ಇತ್ತು. ಹಿಡಿ ಎಳೆದರೆ ಕಾರಂಜಿಯ ಹಾಗೆ ನೀರು. ಅದರ ತಲೆಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ.

“ಏಯ್! ಬಿಚ್ಬೇಡ ಅದನ್ನ!” ಝಲ್ ಝಲ್ ಎಂದು ಸ್ಟೋರ್ ಸಾರ್ ಬಂದ. “ತಪಾಸಣೆ ಮುಂಚೆ ಒದ್ದೆ ಆದ್ರೆ ನೀರಿನ ಕಲೆ ಉಳಿಯತ್ತೆ. ನಿನ್ನ ತೊಟ್ಟಿ ಇಲ್ವಾ, ಅಲ್ಲಿಗೆ ಹೋಗು.”

ವಾದ ಮಾಡಲು ಹೊತ್ತಿರಲಿಲ್ಲ. ಬಾಟಲಿ ತೊಳೆಯುವ ತೊಟ್ಟಿಗೆ ಓಡಿ, ಹರಿಯುವ ನೀರಿಗೆ ಮಗುವಿನ ಕೆನ್ನೆ ಹಿಡಿದಳು. ಬಾಟಲಿಯನ್ನು ಯಾವ ಕೈಯಲ್ಲಿ ತಿರುಗಿಸುವಳೋ ಅದೇ ಕೈಯಲ್ಲಿ ಮಗುವಿನ ತಲೆಯನ್ನು ತಿರುಗಿಸಿದಳು. ಅತ್ತು ಅತ್ತು ಅದು ಬಿಕ್ಕಳಿಸುವವರೆಗೂ ಬಿಡಲಿಲ್ಲ. ಕಣ್ಣಿಗೆ ತಾಗಿರಲಿಲ್ಲ. ಚರ್ಮ ಕಿತ್ತು ಬಂದಿರಲಿಲ್ಲ. ಕೆಂಪು ಮಾತ್ರ ಹೋಗಲಿಲ್ಲ.

ಸುದ್ದಿ ದೊಡ್ಡ ಸಾರ್‌ಗೆ ಮುಟ್ಟಿತು. ಈ ಸಲ ಅವರೇ ಮೆಟ್ಟಿಲಿಳಿದು ಬಂದರು. ಬಾಗಿಲಿಂದ ದೂರ ನಿಂತರು.

“ಮಗೂನ ಅಲ್ಲಿಗ್ಯಾಕೆ ತಂದ್ರಿ? ಅಪಾಯದ ಜಾಗ ಅಂತ ಗೊತ್ತಾಗಲ್ವಾ?”

“ಅದು ನಮ್ ಕೋಣೆ ಸಾರ್,” ಅಂದಳು ನಾದಿನಿ. ಮಗು ಕಿರುಚಿದ ಮೇಲೆ ಅವಳು ಆಡಿದ ಮೊದಲ ಮಾತು.

“ಆಗಿತ್ತು. ಈಗ ಅಪಾಯಕಾರಿ ಪದಾರ್ಥಗಳ ಸಂಗ್ರಹ. ಹೊರಗಿನೋರು ಹೋಗೋ ಹಾಗಿಲ್ಲ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?” ಅವರು ಸ್ಟೋರ್ ಸಾರ್ ಕಡೆ ತಿರುಗಿದರು. “ಬಾಗಿಲಿಗೆ ಬೀಗ ಹಾಕಿಸಿ. ಸುರಕ್ಷತೆ ವಿಷಯದಲ್ಲಿ ರಾಜಿ ಇಲ್ಲ.”

ಬೀಗ ಬಿತ್ತು. ಚಾಪೆ, ಡಬ್ಬಿ, ಚಪ್ಪಲಿ, ಮಗುವಿನ ಬಟ್ಟೆ ಎಲ್ಲ ಒಳಗೇ. ಒಳಗೆ ನೆಂಟರು ನಿಶ್ಚಿಂತೆಯಿಂದ ಗಾಳಿ ಕುಡಿಯುತ್ತಿದ್ದರು.

“ಕೂಸಿಗೆ ನಾಳೆ ಎಲ್ಲಿ ಹಾಲೂಡಿಸ್ಲಿ ಸಾರ್?” ನಾದಿನಿ ಹಿಂದೆಯೇ ಹೋಗಿ ಕೇಳಿದಳು.

“ಮನೇಲಿ ಊಡ್ಸಮ್ಮ. ಮಕ್ಕಳು ಬೆಳೀಬೇಕಾದ್ದು ಮನೇಲಿ,” ಅಂದರು ದೊಡ್ಡ ಸಾರ್, ಎಷ್ಟೋ ಕರುಣೆಯಿಂದ. “ಕೆಲಸ ಭಾರ ಅನ್ಸಿದ್ರೆ ಬಿಟ್ಬಿಡು. ಯಾರೂ ಬಲವಂತ ಮಾಡಲ್ಲ.”

*

ಮಾರನೆಯ ದಿನವೇ ತಪಾಸಣೆ ಬಂತು.

ಬಂದವರು ಇಬ್ಬರು. ಒಬ್ಬರು ಹಿರಿಯ ಅಧಿಕಾರಿ, ಹೊಟ್ಟೆ ಮೊದಲು ಒಳಗೆ ಬಂದು ಮುಖ ಆಮೇಲೆ ಬರುವಂಥವರು. ಇನ್ನೊಬ್ಬ ಎಳೆಯ ಅಧಿಕಾರಿ, ಹಲಗೆಯ ಮೇಲೆ ಕಾಗದ ಸಿಕ್ಕಿಸಿಕೊಂಡು ಕಂಡದ್ದಕ್ಕೆಲ್ಲ ಗೀಟು ಹಾಕುತ್ತಿದ್ದ. ಬೆಳಿಗ್ಗೆಯೆಲ್ಲ ಛೇಂಬರಿನಲ್ಲೇ ಕಳೆಯಿತು. ಲ್ಯಾಬು ಊಟದ ಮೇಲೆ ಅಂತ ತೀರ್ಮಾನವಾಯಿತು. ಊಟದ ತಟ್ಟೆಗಳು ಒಳಗೆ ಹೋದವು, ಬಾಗಿಲು ಮುಚ್ಚಿತು. ಒಳಗಿನಿಂದ ದೊಡ್ಡ ಸಾರ್ ನಗು ಕೇಳಿಸುತ್ತಿತ್ತು.

“ಕೊನೇ ಸಲ ಒರ್ಸಿ, ಮುಖ ತೋರ್ಸದೆ ಹೋಗಿ,” ಅಂತ ಕೆಲಸದವರಿಗೆ ಅಪ್ಪಣೆಯಾಗಿತ್ತು. ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ.

ಅತ್ತೆ ಎಂದಿನ ಬಸ್ಸಿಗೆ ಬಂದಳು. ಗೇಟಿನವನು ನಿಲ್ಲಬೇಡ ಅಂದ. ಮೆಟ್ಟಿಲ ಕೆಳಗೆ ಬೀಗ. ಮಗು ಹಸಿವಿಗೆ ಕೈ ಚೀಪುತ್ತಿತ್ತು, ಕೆನ್ನೆಯ ಮೇಲಿನ ಕೆಂಪು ಈಗ ಕಂದಾಗಿತ್ತು. ಬಾಟ್ಲಕ್ಕ ಲ್ಯಾಬಿನ ಬಾಗಿಲು ತೆರೆದು ಹಿಡಿದಳು.

“ಬನ್ನಿ ಒಳಗೆ.”

“ಅತ್ಗೆ, ಬೇಡ. ಕೆಲ್ಸ ಹೋಗತ್ತೆ,” ಅಂದಳು ನಾದಿನಿ.

“ಕೆಲ್ಸ ಅವರು ಆಗ್ಲೇ ಕಿತ್ಕೊಂಡಾಗಿದೆ ಕಣೇ. ಬಿಟ್ಬಿಡು ಅಂದ್ರಲ್ಲ, ಅದು ಇನ್ನೇನು? ಮೊದ್ಲು ಕೂಸಿಗೆ ಕೊಡು.”

ಲ್ಯಾಬು ಮದುವೆ ಮನೆಯ ಹಾಗೆ ಥಳಥಳಿಸುತ್ತಿತ್ತು. ನಾದಿನಿ ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಹಾಲು ಕುಡಿಸಿದಳು. ತಂಪಾಗಿತ್ತು. ಯಾವ ವಾಸನೆಯೂ ಇರಲಿಲ್ಲ. ಮಗು ಬಹಳ ದಿನಗಳ ಮೇಲೆ ಸೀನದೆ, ಕೆಮ್ಮದೆ, ಹೊಟ್ಟೆ ತುಂಬ ಕುಡಿದು, ತೊಟ್ಟು ಬಾಯಲ್ಲಿರುವಾಗಲೇ ಕಣ್ಣು ಮುಚ್ಚಿತು.

ಮಲಗಿಸಬೇಕಲ್ಲ. ನೆಲ ಈಗತಾನೇ ಒರೆಸಿ ತಣ್ಣಗಿತ್ತು. ಮೇಜಿನ ಮೇಲೆ ಗಾಜು. ಬಾಟ್ಲಕ್ಕ ಸುತ್ತ ನೋಡಿದಳು. ಕಪಾಟಿನ ಎರಡೂ ಕದ ತೆರೆದಳು. ಮೇಲೆ ಅವಳೇ ತುಂಬಿದ ನೀರು, ಕೆಳಗೆ ಒಂದು ಮಗುವಿನಷ್ಟೇ ಉದ್ದದ ಬರಿ ಜಾಗ. ಗೂಟಕ್ಕೆ ತೂಗುಹಾಕಿದ್ದ, ತಪಾಸಣೆಗೆಂದೇ ತಂದ ಹೊಸ ಬಿಳಿ ಕೋಟುಗಳಲ್ಲಿ ಎರಡನ್ನು ತೆಗೆದು, ಮಡಿಸಿ ಹಾಸಿದಳು.

“ಏನ್ ಮಾಡ್ತಿದೀಯೇ?” ಅತ್ತೆ ಎದ್ದು ನಿಂತಳು. “ವಿಷದ ಪೆಟ್ಟಿಗೇಲಿ ಕೂಸು…”

“ವಿಷ ಇರೋದು ನಮ್ ಕೋಣೇಲಿ ಅತ್ತೆ. ಇದ್ರಲ್ಲಿ ಇವತ್ತಿನ ತನಕ ಒಂದು ತೊಟ್ಟು ಬಿದ್ದಿಲ್ಲ. ಗಾಳಿ ಬರತ್ತೆ ನೋಡಿ, ಕೈಯಿಡಿ.”

ಅತ್ತೆ ಕೈಯಿಟ್ಟು ನೋಡಿದಳು. ಆಮೇಲೆ ತಾನೇ ಮಗುವನ್ನು ಮಲಗಿಸಿದಳು.

ಒಂದು ಕದವನ್ನು ಪೂರ್ತಿ ತೆರೆದೇ ಬಿಟ್ಟು, ಬೆಳಕು ಕಣ್ಣಿಗೆ ಹೊಡೆಯದಂತೆ ಇನ್ನೊಂದನ್ನು ಸ್ವಲ್ಪ ಮುಂದೆ ಮಾಡಿ, ಹೆಂಗಸರು ಮೂವರೂ ಪಕ್ಕದಲ್ಲಿ ಕೂತರು. ಅಜ್ಜ ಬಕೆಟ್ಟು ತೆಗೆದುಕೊಂಡು ಹೋಗಲು ಬಂದವನು ಕಂಡು, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ಒಂದು ಜೋಕೂ ಹೇಳಲಿಲ್ಲ.

ಮೆಟ್ಟಿಲ ಮೇಲೆ ಟಕ್ ಟಕ್ ಕೇಳಿತು. ಝಲ್ ಝಲ್ ಕೇಳಿತು. ನಾದಿನಿ ಏಳಲು ಹೋದಳು. ಬಾಟ್ಲಕ್ಕ ಅವಳ ಮೊಣಕೈ ಹಿಡಿದು ಕೂರಿಸಿದಳು.

“ಇದು ನೋಡಿ ನಮ್ಮ ಹೆಮ್ಮೆ,” ದೊಡ್ಡ ಸಾರ್ ಹಿಂದಕ್ಕೆ ತಿರುಗಿ ಅತಿಥಿಗಳ ಮುಖ ನೋಡಿಕೊಂಡೇ ಒಳಗೆ ಬಂದರು. “ಅತ್ಯಂತ ಅಪಾಯಕಾರಿಯಾದದ್ದನ್ನೆಲ್ಲ ಇದರೊಳಗೆ…” ಎನ್ನುತ್ತ ಕೈ ಚಾಚಿ ಕದ ಸರಿಸಿದರು.

ಬಿಳಿ ಕೋಟಿನ ಮೇಲೆ ಮಗು ಅಂಗಾತ ಮಲಗಿತ್ತು. ನಿದ್ದೆಯಲ್ಲೇ ತುಟಿ ಚಪ್ಪರಿಸಿತು.

ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಎಳೆಯ ಅಧಿಕಾರಿಯ ಪೆನ್ನು ಕಾಗದದ ಮೇಲೆ ಬಂದು, ನಿಂತು, ಎಲ್ಲಿ ಗೀಟು ಹಾಕುವುದೆಂದು ತಿಳಿಯದೆ ಅಲ್ಲೇ ಸುತ್ತಾಡಿತು.

“ಯಾವಳೇ ಇಟ್ಟಿದ್ದು ಇದನ್ನ!” ಸ್ಟೋರ್ ಸಾರ್ ಮೊದಲು ಬಾಯಿಬಿಟ್ಟ. “ಎತ್ತು! ಎತ್ತೇ ಮೊದ್ಲು!”

“ಎಲ್ಲಿಗೆ ಎತ್ಕೊಂಡು ಹೋಗ್ಲಿ ಸಾರ್?” ಬಾಟ್ಲಕ್ಕ ಕೇಳಿದಳು. ಕೂತೇ ಇದ್ದಳು.

“ಎಲ್ಲಾದ್ರೂ ಹಾಳಾಗ್ಹೋಗು! ನಿಮ್ಮ…” ಅಂದವನು ಕೋಣೆ ಅನ್ನುವ ಮಾತನ್ನು ಬಾಯೊಳಗೇ ಹಿಡಿದುಕೊಂಡ.

“ಗೇಟಿನ ಹತ್ರ ಮಕ್ಳು ಕಾಣ್ಬಾರ್ದು ಅಂದಿದೀರಿ. ಬಸ್ಸು ಇರೋದು ಸಂಜೆಗೆ. ಎಲ್ಲಿಗೆ ಹೋಗ್ಲಿ, ನೀವೇ ಹೇಳಿ.”

ಹಿರಿಯ ಅಧಿಕಾರಿಗೆ ಉಂಡದ್ದು ಇನ್ನೂ ಗಂಟಲಲ್ಲಿತ್ತು. ಇಂಥ ಹೊತ್ತಿನಲ್ಲಿ ಇಂಥದ್ದು ಅವರಿಗೆ ಬೇಕಿರಲಿಲ್ಲ. “ಏನ್ರೀ ಇದು? ಕೆಲಸದೋರಿಗೆ ಅಂತ ಒಂದು ಕೋಣೆ ಇರಬೇಕಲ್ಲ. ನಿಯಮ ಇದೆ ಅಲ್ವೇನಯ್ಯ?”

“ಇದೆ ಸಾರ್,” ಎಳೆಯವನಿಗೆ ಕೊನೆಗೂ ಗೀಟು ಹಾಕುವ ಜಾಗ ಸಿಕ್ಕಿತು. “ವಿಶ್ರಾಂತಿ ಕೋಣೆ. ಇದೆಯಾ ಇಲ್ಲಿ?”

“ಓ, ಇದೆ, ಇದೆ,” ಅಂದರು ದೊಡ್ಡ ಸಾರ್. ಯಾರು ಏನು ಕೇಳಿದರೂ ಇದೆ ಅನ್ನುವುದು ಬೆಳಗಿನಿಂದ ರೂಢಿಯಾಗಿ ಹೋಗಿತ್ತು. “ಬಹಳ ಚೆನ್ನಾಗಿದೆ.”

“ಹಾಗಾದ್ರೆ ನೋಡ್ಕೊಂಡು ಹೋಗೋಣ.”

ದೊಡ್ಡ ಸಾರ್ ತೆಳ್ಳನೆಯ ಬೆರಳುಗಳು ಕನ್ನಡಕಕ್ಕೆ ಹೋದವು. ಒರೆಸಿದರು. ಮತ್ತೆ ಒರೆಸಿದರು. “ನೋಡಬಹುದಿತ್ತು… ಬೀಗದ ಕೈ ಎಲ್ಲೋ ಕಳೆದಿದೆ. ಅಲ್ವೇನ್ರೀ?”

ಸ್ಟೋರ್ ಸಾರ್ ಎರಡೂ ಕೈಯಲ್ಲಿ ಸೊಂಟದ ಗೊಂಚಲನ್ನು ಒತ್ತಿ ಹಿಡಿದು, “ಹೌದು ಸಾರ್. ಹುಡುಕ್ತಾನೇ ಇದೀವಿ” ಅಂದ.

“ಕಳೆದಿಲ್ಲ ಸಾರ್,” ಬಾಟ್ಲಕ್ಕ ಹಿರಿಯ ಅಧಿಕಾರಿಯ ಕಡೆ ತಿರುಗಿದಳು. “ಅವರ ಸೊಂಟದಲ್ಲೇ ಇದೆ. ಈ ಮೇಲಿರೋ ಬಾಟ್ಲೀಲಿ ನೀರಿದೆ, ನಾನೇ ತುಂಬ್ಸಿದ್ದು. ಇದ್ರಲ್ಲಿ ಇರಬೇಕಾದ್ದು ನಮ್ ಕೋಣೇಲಿದೆ. ಬನ್ನಿ, ತೋರಿಸ್ತೀನಿ. ಕೂಸಿನ ಕೆನ್ನೆ ನೋಡಿ ಬೇಕಾದ್ರೆ.”

ಹಿರಿಯ ಅಧಿಕಾರಿ ಕೆನ್ನೆ ನೋಡಿದರು. ಬಾಟಲಿ ನೋಡಿದರು. ಸ್ಟೋರ್ ಸಾರ್ ಸೊಂಟ ನೋಡಿದರು. ಗೋಡೆಯ ಗಡಿಯಾರವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಅವರ ಮುಖದಲ್ಲಿ ಏನೋ ಒಂದು ಬಂದು, ಕೂರಲು ಜಾಗ ಸಿಗದೆ, ಹೊರಟುಹೋಯಿತು.

“ಬೀಗದ ಕೈ ಸಿಕ್ಕಿಲ್ಲ ಅಂತಿದಾರಲ್ಲಮ್ಮ,” ಅಂದರು. “ಮುಂದಿನ ಸಲ ಬಂದಾಗ ಕೋಣೆ ನೋಡೋಣ.” ಎಳೆಯವನಿಗೆ, “ಕಪಾಟು, ಫ್ಯಾನು ಕೆಲಸ ಮಾಡ್ತಿದೆ. ಬಳಕೆಯಲ್ಲಿದೆ. ಬರ್ಕೊ” ಅಂದರು.

ಎಳೆಯವನು ಬರೆದುಕೊಂಡ.

ದೊಡ್ಡ ಸಾರ್ ಬಿಟ್ಟ ಉಸಿರು ಎಲ್ಲರಿಗೂ ಕೇಳಿಸಿತು. “ಆಯ್ತಲ್ಲ? ಈಗ ಏಳಿ, ನಡೀರಿ ಹೊರಗೆ” ಅಂದರು, ಎಂದಿನ ಮೆಲುದನಿಯಲ್ಲಿ.

ಬಾಟ್ಲಕ್ಕ ಎದ್ದಳು. ಮೇಜಿನ ಕೆಳಗಿನಿಂದ ಎತ್ತರದ ಸ್ಟೂಲೊಂದನ್ನು ಎಳೆದಳು. ಸಾಹೇಬರು ಕೂತು ಸೂಕ್ಷ್ಮದರ್ಶಕ ನೋಡುವ ಸ್ಟೂಲು ಅದು. ಇಷ್ಟು ವರ್ಷ ಅವಳು ಅದನ್ನು ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಕಪಾಟಿನ ಮುಂದೆ ಹಾಕಿಕೊಂಡು ಹತ್ತಿ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ನಾದಿನಿಯನ್ನು ನೋಡಿದಳು. ನಾದಿನಿ ಇನ್ನೊಂದು ಸ್ಟೂಲು ಎಳೆದಳು. ಅತ್ತೆಗೂ ಒಂದು ಎಳೆದು ಕೊಟ್ಟಳು. ಅಜ್ಜ ಬಕೆಟ್ಟನ್ನು ಒಂದಿಷ್ಟು ಮುಂದಕ್ಕೆ ಜರುಗಿಸಿ ಬಾಗಿಲಿಗೆ ಹೋಗುವ ದಾರಿಯನ್ನು ಅರ್ಧ ಮುಚ್ಚಿ ಕೂತ.

“ಏನಿದು?” ಅಂದರು ದೊಡ್ಡ ಸಾರ್.

“ಮುಂದಿನ ಸಲ ಬರ್ತಾರಂತಲ್ಲ ಸಾರ್,” ಅಂದಳು ಬಾಟ್ಲಕ್ಕ. “ಅಲ್ಲೀ ತನಕ ನಾವು ಇಲ್ಲೇ ಇರ್ತೀವಿ.”

ಸ್ಟೋರ್ ಸಾರ್ ಮುಂದೆ ನುಗ್ಗಿದ. ಸೊಂಟದಿಂದ ಕೈ ತೆಗೆದದ್ದೇ ಗೊಂಚಲು ಝಲ್ಲೆಂದಿತು. ಒಳಗೆ ಮಗು ಮೈ ಮುರಿಯಿತು.

ಬಾಟ್ಲಕ್ಕ ತುಟಿಯ ಮೇಲೆ ಬೆರಳಿಟ್ಟಳು.

“ಮೆತ್ತಗೆ ಸಾರ್. ಅದು ಎದ್ರೆ ಸುಮ್ನಿರೋದಲ್ಲ.”